ಚೆಸ್ ರೀಲ್ಸ್ ಯಾಕೆ ಹಾಕ್ತಿಲ್ಲ ಅಂತ ಕೇಳಿದವರಿಗೆ

(1/8)
ಎರಡು ತಿಂಗಳಿಂದ ಈ ಪೇಜಲ್ಲಿ ಚೆಸ್ ರೀಲ್ ಒಂದೂ ಬಂದಿಲ್ಲ. "ಅಕ್ಕಾ, ಆ ಟ್ರ್ಯಾಪ್ ಸೀರೀಸ್ ಮುಂದುವರಿಸಿ", "ಏನೇ, ಇಂಟರ್ನಲ್ಸಾ?", "ಬೋರಾಯ್ತಾ?" ಅಂತ ಡಿಎಂ ಮಾಡಿದವರು ಸುಮಾರು ಜನ. ಕ್ಲಾಸಲ್ಲಿ ಹಿಂದಿನ ಬೆಂಚಿನವರಂತೂ ನಾನು ಯಾರತ್ರಾನೋ ಸೋತು ಸಿಟ್ಟಲ್ಲಿ ಬೋರ್ಡ್ ಮಡಚಿಟ್ಟೆ ಅಂತ ಕತೆಯೇ ಕಟ್ಟಿದ್ದಾರೆ. ಚಂದ ಇದೆ ಕತೆ, ಆದ್ರೆ ಸುಳ್ಳು.

ನಿಜವಾದ ಕಾರಣ ಒಂದು ಕ್ಯಾಪ್ಶನ್ನಲ್ಲಿ ಹಿಡಿಯಲ್ಲ. ಅದಕ್ಕೇ ಎಂಟು ಪೋಸ್ಟ್. ಚೆಸ್ ಗೊತ್ತಿಲ್ಲದವರೂ ಓದಬಹುದು, ಆನೆ ಒಂಟೆ ಕುದುರೆ ಗೊತ್ತಿದ್ರೆ ಸಾಕು. ಫೋಟೊಗಳೆಲ್ಲ ನಮ್ಮನೆ ಅಂಗಳದ್ದು. ಅಡಿಕೆ ಒಣಗ್ಸಿದ ಜಾಗದಲ್ಲಿ ಬೋರ್ಡ್ ಇಟ್ಟದ್ದಕ್ಕೆ ಆಯಿ ಹತ್ರ ಬೈಸ್ಕೊಂಡಾಗಿದೆ, ನೀವು ಮತ್ತೆ ಬೈಬೇಡಿ.

(2/8)
ಮೊದಲು ಸ್ವಲ್ಪ ಹಿಂದಿನ ಕತೆ. 2020. ನಾವೆಲ್ಲ ಶಾಲೆ ಬಿಟ್ಟು ಮನೇಲಿದ್ದ ವರ್ಷ. ನಿಮ್ಮಲ್ಲಿ ಅರ್ಧ ಜನ ನೆಟ್‌ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತಿದವರು, ಛತ್ರಿ ಕೆಳಗೆ ಕೂತು ಆನ್‌ಲೈನ್ ಕ್ಲಾಸ್ ಕೇಳಿದವರು. ಸಿದ್ದಾಪುರದ ಕಡೆಯವರಿಗೂ ಯಲ್ಲಾಪುರದ ಕಡೆಯವರಿಗೂ ಇದನ್ನ ಬಿಡಿಸಿ ಹೇಳೋದು ಬೇಡ.

ಅದೇ ವರ್ಷ ಎಷ್ಟೆಲ್ಲ ಒಟ್ಟಿಗೆ ಆಯ್ತು ನೋಡಿ. ಜೂನ್ ಕೊನೆಗೆ ಟಿಕ್‌ಟಾಕ್ ಬ್ಯಾನ್. ಜುಲೈಯಲ್ಲಿ ಇನ್‌ಸ್ಟಾದವರು ಭಾರತಕ್ಕೆ ರೀಲ್ಸ್ ತಂದ್ರು. ಸೆಪ್ಟೆಂಬರಲ್ಲಿ ಯೂಟ್ಯೂಬ್ ಶಾರ್ಟ್ಸ್, ಅದೂ ಜಗತ್ತಲ್ಲಿ ಮೊದಲು ನಮ್ಮ ದೇಶದಲ್ಲೇ. ಅಕ್ಟೋಬರಲ್ಲಿ ನೆಟ್‌ಫ್ಲಿಕ್ಸಿಗೆ 'ದಿ ಕ್ವೀನ್ಸ್ ಗ್ಯಾಂಬಿಟ್' ಬಂತು. ಇತ್ತ ಕಾಮಿಡಿ ಶೋ ನಿಂತುಹೋದ ಸಮಯ್ ರೈನಾ ಮನೇಲಿ ಕೂತು ಚೆಸ್ ಸ್ಟ್ರೀಮ್ ಶುರು ಮಾಡಿದ್ರು. ಚೆಸ್.ಕಾಮ್ ಸದಸ್ಯರ ಲೆಕ್ಕ 2022ರ ಕೊನೆಗೆ ಹತ್ತು ಕೋಟಿ ದಾಟ್ತು. ಅಂದ್ರೆ ಚೆಸ್ಸಿಗೆ ಜನ ಬಂದದ್ದೂ ಸಣ್ಣ ವಿಡಿಯೊ ಬಂದದ್ದೂ ಒಂದೇ ಮಳೆಗಾಲದ ಆಚೆ ಈಚೆ. ನಾವು ಎರಡನ್ನೂ ಒಂದೇ ಅಂತ ತಿಳ್ಕೊಂಡು ಬೆಳೆದವರು.

ಅದಕ್ಕೂ ಮೊದಲು ಚೆಸ್ ವಿಡಿಯೊ ಅಂದ್ರೆ ಹೇಗಿತ್ತು? ಕ್ರೊಯೇಷಿಯಾದ ಆಂಟೋನಿಯೊ ರಾಡಿಚ್, ಅದೇ 'ಅಗಡ್‌ಮೇಟರ್', ಒಂದು ಹಳೇ ಗೇಮ್ ತಗೊಂಡು ಕತೆ ಹೇಳಿದಂಗೆ ಹೇಳ್ತಿದ್ರು. ಗ್ರಾಫಿಕ್ಸ್ ಇಲ್ಲ, ಕಿರುಚಾಟ ಇಲ್ಲ. ಒಂದು ಜಾಗಕ್ಕೆ ಬಂದು ಇಲ್ಲಿ ವಿಡಿಯೊ ನಿಲ್ಲಿಸಿ, ಮುಂದಿನ ನಡೆ ನೀವೇ ಹುಡುಕಿ ಅಂತಿದ್ರು. ನಿಲ್ಲಿಸಿದ್ರೂ ಸರಿ, ಬಿಟ್ರೂ ಸರಿ, ನಮಗಾಗಿ ಒಂದು ಜಾಗ ಅಲ್ಲಿ ಖಾಲಿ ಬಿಟ್ಟಿರ್ತಿದ್ರು. ಅಮೆರಿಕದ ಸೇಂಟ್ ಲೂಯಿಸ್ ಚೆಸ್ ಕ್ಲಬ್ಬಿನವರು ಗ್ರ್ಯಾಂಡ್‌ಮಾಸ್ಟರ್‌ಗಳ ಪಾಠಾನೇ ಇಡೀ ರೆಕಾರ್ಡ್ ಮಾಡಿ ಬಿಟ್ಟಿ ಹಾಕಿದ್ರು. ಯಾಸರ್ ಸೈರವಾನ್ ನಿಧಾನಕ್ಕೆ ಮಾತಾಡೋದು ಕೇಳಿದ್ರೆ ನಮ್ಮೂರ ಹಳೇ ಮೇಷ್ಟ್ರ ನೆನಪಾಗ್ತದೆ.

(3/8)
ಇದೆಲ್ಲ ಯಾಕೆ ಮುಖ್ಯ ಅಂತ ಕೇಳ್ತೀರಿ. ಬೆಂಗಳೂರಿನ ಮಕ್ಕಳಿಗೆ ಅಷ್ಟು ಮುಖ್ಯ ಅಲ್ಲದೇ ಇರಬಹುದು. ಅವರಿಗೆ ಕೋಚ್ ಇರ್ತಾರೆ, ವಿಡಿಯೊ ನೋಡೋದು ಮಜಾಕ್ಕೆ. ನಮ್ಮ ಕಡೆ ಹಾಗಲ್ಲ. ನಮ್ಮನೆಯಿಂದ ಬಸ್‌ಸ್ಟಾಪಿಗೇ ನಡೀಬೇಕು, ಆಮೇಲೆ ಶಿರಸಿಗೆ ಬಸ್ಸು, ಕ್ಲಾಸು ಮುಗಿಯೋ ಹೊತ್ತಿಗೆ ವಾಪಸ್ ಬರೋ ಬಸ್ಸಿಲ್ಲ. ಒಂಬತ್ತನೇ ಕ್ಲಾಸಿನ ಮಾಣಿಗೆ ವಾರಕ್ಕೆರಡು ಸಲ ಅದನ್ನ ಮಾಡು ಅಂದ್ರೆ ಆಗ್ತದಾ? ಅವನ ಪಾಲಿಗೆ ಫೋನೇ ಮೇಷ್ಟ್ರು. ಆ ಮೇಷ್ಟ್ರು ಏನು ಹೇಳ್ಕೊಡ್ತಾರೆ ಅನ್ನೋದು ಅವನಿಗೆ ಟೇಸ್ಟಿನ ಪ್ರಶ್ನೆ ಅಲ್ಲ.

ಕನ್ನಡದಲ್ಲಿ ಕಲೀತೇನೆ ಅಂದ್ರೆ ಇನ್ನೂ ಕಷ್ಟ. ಆನಂದ್ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಪಕ್ಕದ ತಮಿಳುನಾಡಿಗೆ ಹೋಲಿಸಿದ್ರೆ ನಾವು ಒಂದು ತಲೆಮಾರು ಹಿಂದೆ. ಕನ್ನಡದಲ್ಲಿ ಕೂತು ಎಂಡ್‌ಗೇಮ್ ಬಿಡಿಸಿ ಹೇಳೋ ವಿಡಿಯೊ ಹುಡುಕಿ ನೋಡಿ, ಬೆರಳಲ್ಲಿ ಎಣಿಸಬಹುದು. ನಾನು ಈ ಪೇಜ್ ಶುರು ಮಾಡಿದ್ದೇ ಅದಕ್ಕೆ.

(4/8)
ಈಗ ಆ ಒಂಬತ್ತನೇ ಕ್ಲಾಸಿನ ಮಾಣಿ ಕತೆ. ನನ್ನ ಅಪ್ಪಚ್ಚಿ ಮಗ, ಹೆಸರು ಹಾಕಿದ್ರೆ ನನ್ನ ಜತೆ ಮಾತು ಬಿಡ್ತಾನೆ. ಶಾಲೆ ಟೂರ್ನಮೆಂಟಿಗೆ ಹೋಗಿದ್ದ, ನಾನೂ ಜತೆಗೆ ಹೋಗಿದ್ದೆ.

ಮೊದಲ ರೌಂಡ್ ಎಂಟು ನಡೆಯಲ್ಲಿ ಗೆದ್ದ. ಹೇಗೆ ಅಂದ್ರೆ ಸ್ಟಾಫರ್ಡ್ ಗ್ಯಾಂಬಿಟ್. ಎರಿಕ್ ರೋಸನ್ ಅನ್ನೋ ಅಮೆರಿಕದ ಆಟಗಾರ ಫೇಮಸ್ ಮಾಡಿದ್ದು, ನೀವೂ ನೋಡಿರ್ತೀರಿ. ಕರಿ ಶುರುವಿಗೇ ಒಂದು ಸಿಪಾಯಿ ಬಿಟ್ಟುಕೊಡ್ತದೆ. ಬಿಳಿ ಆಸೆಪಟ್ಟು ಒಂಟೆಯನ್ನ ಜಿ5ಕ್ಕೆ ತಂದು ಕುದುರೆಯನ್ನ ಕಟ್ಟಿಹಾಕಿದೆ ಅಂತ ಖುಷಿಪಡ್ತದೆ. ಕರಿ ರಾಣಿಯನ್ನೇ ಬಿಟ್ಟು ಕುದುರೆ ಹಾರಿಸ್ತದೆ. ಬಿಳಿ ರಾಣಿ ತಿಂತದೆ, ಎರಡು ಒಂಟೆ ಒಂದು ಕುದುರೆ ಸೇರಿ ಚೆಕ್‌ಮೇಟ್. ನೋಡೋಕೆ ಭಯಂಕರ ಚಂದ. ಎದುರಿನ ಹುಡುಗ ಪಾಪ ಬೋರ್ಡನ್ನೇ ನೋಡ್ತಾ ಕೂತಿದ್ದ.

ಮೂರನೇ ರೌಂಡಲ್ಲಿ ಯಲ್ಲಾಪುರ ಕಡೆಯ ಒಂದು ಕೂಸು. ಅದೇ ಗ್ಯಾಂಬಿಟ್. ಅವಳು ಒಂಟೆಯನ್ನ ಜಿ5ಕ್ಕೆ ತರಲಿಲ್ಲ, ಸುಮ್ಮನೆ ಇ2ಕ್ಕೆ ಇಟ್ಳು. ಅಷ್ಟೇ. ಇವನ ಮುಖ ನಾನು ದೂರದಿಂದ ನೋಡ್ತಿದ್ದೆ. ಅವನು ನೋಡಿದ ರೀಲಲ್ಲಿ ಆ ನಡೆ ಇರಲೇ ಇಲ್ಲ. ಆದ್ರೂ ಬಿಡಲಿಲ್ಲ, ಎಳೆದ, ಕಾಯಿಗಳೆಲ್ಲ ಹೋದವು, ಕೊನೆಗೆ ಉಳಿದದ್ದು ಎರಡು ರಾಜ, ಮತ್ತೆ ಅವಳ ಇ-ಸಿಪಾಯಿ. ಶುರುವಿಗೆ ಬಿಟ್ಟುಕೊಟ್ಟಿದ್ದನಲ್ಲ, ಅದರ ಲೆಕ್ಕ. ಅವಳ ರಾಜ ಇ5, ಸಿಪಾಯಿ ಇ6, ಇವನ ರಾಜ ಇ7, ಇವನ ನಡೆ. ರಾಜನನ್ನ ನೇರ ಹಿಂದೆ ಇ8ಕ್ಕೆ ಎಳ್ಕೊಂಡಿದ್ರೆ ಡ್ರಾ. ಪಕ್ಕಕ್ಕೆ, ಡಿ8ಕ್ಕೆ ಸರಿದ. ಆ ಕೂಸು ಮುಗುಳ್ನಗದೆ, ತಲೆ ಎತ್ತದೆ ಆಡಿ ಮುಗಿಸ್ತು.

ಸಂಜೆ ಬಸ್ಸಲ್ಲಿ ಅವನಿಗೆ ಅದನ್ನೇ ಹೇಳಿದೆ. "ತಮಾ, ಆಟ ಚೊಲೋ ಇದ್ದು ನಿಂದು, ಮುಗ್ಸಲೆ ಬತ್ತಿಲ್ಲೆ." ಅವನು ಕಿಟಕಿ ಕಡೆ ತಿರುಗಿ ಕೂತ. ಅವನ ಫೋನ್ ಇಸ್ಕೊಂಡು ಹಿಸ್ಟರಿ ನೋಡಿದೆ. ಮುನ್ನೂರಕ್ಕೂ ಹೆಚ್ಚು ಚೆಸ್ ಶಾರ್ಟ್ಸ್. ಎಲ್ಲದರಲ್ಲೂ ಯಾರೋ ಒಬ್ರು ಹತ್ತು ನಡೆ ಒಳಗೆ ಸಾಯ್ತಾರೆ.

(5/8)
ನ್ಯಾಯವಾಗಿ ಹೇಳಬೇಕು ಅಂದ್ರೆ ರೋಸನ್ ತಪ್ಪೇನೂ ಇಲ್ಲ. ಉದ್ದದ ವಿಡಿಯೊಗಳಲ್ಲಿ ಎದುರಾಳಿ ಸರಿಯಾಗಿ ಆಡಿದ್ರೆ ಕಷ್ಟ ಅನ್ನೋದೂ ಕಾಣ್ತದೆ. ಅದರಿಂದ ಕತ್ತರಿಸಿ ತೆಗೆದ ಐವತ್ತು ಸೆಕೆಂಡಲ್ಲಿ ಅದು ಕಾಣಲ್ಲ. ಕತ್ತರಿಸಿದವರು ಬೇರೆ, ಅದಕ್ಕೆ ಕೆಂಪು ಬಾಣ ಹಾಕಿದವರು ಬೇರೆ.

ಕತ್ತರಿಸೋದು ಯಾಕೆ ಲಾಭ ಅಂತ ನಿಮಗೆ ಗೊತ್ತು, ನಿಮ್ಮಲ್ಲಿ ಸುಮಾರು ಜನ ಪೇಜ್ ನಡೆಸೋರೇ. ಯೂಟ್ಯೂಬಲ್ಲಿ ದುಡ್ಡು ಬರಬೇಕಾದ್ರೆ ಸಾವಿರ ಸಬ್‌ಸ್ಕ್ರೈಬರ್ ಬೇಕು, ಜತೆಗೆ ವರ್ಷದಲ್ಲಿ 4000 ಗಂಟೆ ನೋಡಿರಬೇಕು, ಇಲ್ಲ ಅಂದ್ರೆ 90 ದಿನದಲ್ಲಿ ಶಾರ್ಟ್ಸಿಗೆ ಒಂದು ಕೋಟಿ ವ್ಯೂಸ್. ವಿಡಿಯೊ ನಡುವೆ ಜಾಹೀರಾತು ಹಾಕೋಕೆ ಮೊದಲು 10 ನಿಮಿಷ ಇರಬೇಕಿತ್ತು, 2020ರ ಜುಲೈಯಿಂದ 8 ನಿಮಿಷ ಸಾಕು ಅಂದ್ರು. ಆವಾಗಿಂದ ಎಷ್ಟು ವಿಡಿಯೊ ಎಂಟು ನಿಮಿಷ ಚಿಲ್ಲರೆಗೆ ಬಂದು ನಿಲ್ತವೆ ಅಂತ ಒಮ್ಮೆ ಗಮನಿಸಿ. ಆರು ನಿಮಿಷದ ವಿಷಯಕ್ಕೆ ನೀರು ಹಾಕ್ತಾರೆ, ಇಪ್ಪತ್ತು ನಿಮಿಷದ್ದನ್ನ ಬತ್ತಿಸ್ತಾರೆ. ಎರಡೂ ಗೇಮಿಗೆ ಬೇಕಾದ ಅಳತೆ ಅಲ್ಲ.

ಇನ್ನೊಂದು ನಾನೇ ಕಂಡದ್ದು. ನನ್ನ ರೀಲ್ಸಿನ ಇನ್‌ಸೈಟ್ಸಲ್ಲಿ ಜನ ಎಷ್ಟು ಸೆಕೆಂಡಿಗೆ ಬಿಟ್ಟುಹೋದ್ರು ಅಂತ ಗೆರೆ ತೋರಿಸ್ತದಲ್ಲ, "ಈಗ ನೀವು ಯೋಚಿಸಿ" ಅಂದ ಜಾಗದಲ್ಲೇ ಅದು ದಬಕ್ಕನೆ ಬೀಳ್ತದೆ. ಪ್ರತಿ ಸಲ. ಯೋಚಿಸೋಕೆ ಬಿಟ್ರೆ ಜನ ಹೋಗ್ತಾರೆ. ಹಾಗಾಗಿ ಎಲ್ಲರೂ ಮೊದಲು ಎತ್ತಿ ಬಿಸಾಡೋದು ಆ ಜಾಗವನ್ನೇ. ಅಗಡ್‌ಮೇಟರ್ ನಮಗಾಗಿ ಖಾಲಿ ಬಿಡ್ತಿದ್ರು ಅಂದೆನಲ್ಲ, ಅದೇ ಜಾಗ. ಚೆಸ್ ಇರೋದೇ ಅಲ್ಲಿ ಅನ್ನೋದು ನನ್ನ ಅಭಿಪ್ರಾಯ. ಉಳಿದದ್ದು ಬರೀ ಸುದ್ದಿ.

(6/8)
ಸುದ್ದಿ ಅಂದಾಗ ನೆನಪಾಯ್ತು. 2021ರ ಜೂನಲ್ಲಿ ಕೋವಿಡ್ ನೆರವಿಗೆ ಅಂತ ಆನಂದ್ ಜತೆ ಸೆಲೆಬ್ರಿಟಿಗಳು ಆಡಿದ್ರು. ಅಮೀರ್ ಖಾನ್ ಇದ್ರು, ಆಗ ನಮ್ಮ ಆರ್‌ಸಿಬಿಲಿದ್ದ ಚಾಹಲ್ ಇದ್ರು (ಅವರು ಚಿಕ್ಕಂದಿನಲ್ಲಿ ಭಾರತಕ್ಕೆ ಚೆಸ್ ಆಡಿದವರು, ಗೊತ್ತಿತ್ತಾ?), ನಮ್ಮ ಕಿಚ್ಚ ಸುದೀಪೂ ಇದ್ರು. ಕನ್ನಡದ ಮನೆಮನೆಯಲ್ಲಿ ಚೆಸ್ ಹೆಸರು ಕೇಳಿದ ದಿನ ಅದು. ಈಗ ಯಾರನ್ನಾದ್ರೂ ಕೇಳಿ, ನೆನಪಿರೋದು ಒಂದೇ: ಬೆಂಗಳೂರಿನ ನಿಖಿಲ್ ಕಾಮತ್ ಗೆದ್ದದ್ದು, ಮಾರನೇ ದಿನ ಕಂಪ್ಯೂಟರ್ ಸಹಾಯ ಇತ್ತು ಅಂತ ಅವರೇ ಒಪ್ಕೊಂಡದ್ದು. ಸುದೀಪ್ ಹೇಗೆ ಆಡಿದ್ರು? ಚಾಹಲ್ ಯಾವ ಓಪನಿಂಗ್ ಆಡಿದ್ರು? ಒಬ್ರೂ ಹೇಳಲ್ಲ.

2025ರ ಜೂನಲ್ಲೂ ಹಾಗೇ. ನಾರ್ವೆ ಚೆಸ್ಸಲ್ಲಿ ಗುಕೇಶ್ ಹತ್ರ ಸೋತು ಕಾರ್ಲ್‌ಸನ್ ಟೇಬಲ್ ಗುದ್ದಿದ್ದು ನಾನೇ ಒಂದು ಐವತ್ತು ಸಲ ನೋಡಿರಬೇಕು, ಹಿಂದೆ ಬೇರೆ ಬೇರೆ ಸಿನಿಮಾ ಹಾಡು ಹಾಕಿದ್ದು. ಗೆಲ್ಲೋ ಆಟ ಟೈಮ್ ಕಮ್ಮಿಯಾಗಿ ಎಲ್ಲಿ ಕೈಜಾರ್ತು ಅಂತ ತೋರಿಸಿದ್ದು ಅದರಲ್ಲಿ ಎಷ್ಟು? ಎರಡು.

ಆದ್ರೆ ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಸಿಂಗಾಪುರದ ಗೇಮಿಗೆ. 2024 ಡಿಸೆಂಬರ್ 12, ವಿಶ್ವ ಚಾಂಪಿಯನ್‌ಶಿಪ್ಪಿನ 14ನೇ, ಕೊನೇ ಗೇಮ್. ಸ್ಕೋರ್ 6.5–6.5. ಗುಕೇಶಿಗೆ 18 ವರ್ಷ, ಕರಿ ಕಾಯಿ, ಒಂದು ಸಿಪಾಯಿ ಹೆಚ್ಚು, ಆದ್ರೂ ಡ್ರಾ ಅಂತಲೇ ಎಲ್ಲರೂ ಅಂದ್ಕೊಂಡಿದ್ರು. 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನ ಎಫ್2ಕ್ಕೆ ಇಟ್ರು. ಆನೆ ಆನೆ ಹೋಯ್ತು. ಡಿಂಗ್ ಒಂಟೆ ಎ8ರ ಮೂಲೇಲಿ ಕೂತಿತ್ತು, ಗುಕೇಶ್ ತಮ್ಮ ಒಂಟೆಯನ್ನ ಡಿ5ಕ್ಕೆ ತಂದು ಅದರ ಎದುರಿಗೇ ಇಟ್ರು, ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ. ಒಂಟೆ ಒಂಟೆಯೂ ಹೋಯ್ತು. ಬಿಳಿ ರಾಜ ಇ3ಕ್ಕೆ ಬಂದ, ಕರಿ ರಾಜ ಇ5ಕ್ಕೆ ಬಂದ. ಡಿಂಗ್ ಸೋಲು ಒಪ್ಪಿದ್ರು.

ರೀಲಲ್ಲಿ ಇರೋದು ಗುಕೇಶ್ ಮುಖ ಬದಲಾಗೋದು, ಆಮೇಲೆ ಅಳೋದು. ನಾನೂ ಅತ್ತಿದ್ದೇನೆ ನೋಡಿ, ಅದು ಬೇರೆ ಮಾತು. ಆದ್ರೆ ಆ ಕೊನೇ ಚಿತ್ರ ಇನ್ನೊಮ್ಮೆ ನೋಡಿ: ಎರಡು ರಾಜ ಎದುರುಬದುರು, ನಡುವೆ ಒಂದೇ ಮನೆ, ನಡೆಯಬೇಕಾದವರು ಬಿಳಿ. ನಡೆದವ ದಾರಿ ಬಿಡಬೇಕು. ಇದಕ್ಕೆ ಆಪೊಸಿಷನ್ ಅಂತಾರೆ. ನಮ್ಮ ಮಾಣಿಗೆ ಗೊತ್ತಿಲ್ಲದೇ ಇದ್ದದ್ದು ಇದೇ, ಇಷ್ಟೇ. ವಿಶ್ವ ಚಾಂಪಿಯನ್ ಪಟ್ಟ ನಿಂತದ್ದೂ ಇದರ ಮೇಲೇ. ಆ ಗೇಮನ್ನ ಅವನು ನೂರು ಸಲ 'ನೋಡಿದ್ದ'.

(7/8)
ಹಾಗಾದ್ರೆ ಜನ ಬಂದದ್ದೇ ತಪ್ಪಾ ಅಂತ ಕೇಳಬಹುದು. ಇಲ್ಲಪ್ಪ. ನಮ್ಮ ಕಡೆಯವರು ಇದನ್ನ ಯಕ್ಷಗಾನದಲ್ಲಿ ನೋಡಿದವರು. ಇಡೀ ರಾತ್ರಿ ಆಟ ಕಾಲಮಿತಿಗೆ ಬಂತು, ಕಾಲಮಿತಿ ಈಗ ಮೊಬೈಲಿಗೆ ಬಂತು. ಚಿಟ್ಟಾಣಿಯವರ ಭಸ್ಮಾಸುರ ಅಂತ ಹುಡುಕಿದ್ರೆ ಸಣ್ಣ ತುಣುಕು ರಾಶಿ ಸಿಗ್ತದೆ. ಅಜ್ಜ ನನ್ನ ಫೋನಲ್ಲಿ ಒಂದು ನೋಡಿ, "ಇದ್ರಲ್ಲಿ ಪದ್ಯ ಎಲ್ಲಿದ್ದೇ?" ಅಂದ. ಅಷ್ಟಂದು ಮತ್ತೆ ಮೂರು ತುಣುಕು ನೋಡಿದ, ಅದೂ ನಿಜ. ಆ ತುಣುಕು ನೋಡಿಯೇ ಈಗ ಆಟಕ್ಕೆ ಬರೋ ನಮ್ಮ ವಯಸ್ಸಿನವರನ್ನ ನಾನು ಕಂಡಿದ್ದೇನೆ.

ಚೆಸ್ಸಲ್ಲೂ ಜನ ಬಂದದ್ದರಿಂದ ಒಳ್ಳೇದು ಆಗಿದೆ. ಚೆಸ್‌ಬೇಸ್ ಇಂಡಿಯಾದ ಸಾಗರ್ ಶಾ, ಅಮೃತಾ ಮೋಕಲ್ ಊರೂರು ತಿರುಗಿ ಗಂಟೆಗಟ್ಟಲೆ ಮಕ್ಕಳ ಆಟ ತೋರಿಸೋಕೆ ಆಗಿದ್ದು ನೋಡೋರು ಇದ್ದದ್ದರಿಂದ. ಗೋಥಮ್‌ಚೆಸ್‌ನ 'ಗೆಸ್ ದ ಈಲೊ'ದಲ್ಲಿ ನಮ್ಮಂಥವರ ಕೆಟ್ಟ ಆಟ ನೋಡಿ ನಗ್ತಾ ನಗ್ತಾ ನಾನು ಕಲ್ತದ್ದು ಸುಮಾರಿದೆ. ಆ ಯಲ್ಲಾಪುರದ ಕೂಸೂ ಫೋನಲ್ಲೇ ಕಲ್ತವಳಂತೆ, ಆಮೇಲೆ ಮಾತಾಡಿಸಿದಾಗ ಹೇಳಿದ್ಳು. ಶುರು ಮಾಡೋರಿಗೆ ಬೇಕಾದ್ದು ರಾಶಿ ಇದೆ, ದೊಡ್ಡವರ ಟೂರ್ನಮೆಂಟ್ ತೋರಿಸೋದು ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. ಸೊರಗಿದ್ದು ನಡುವಿನದ್ದು. ಕಾಯಿ ನಡೆಸೋಕೆ ಬಂತು, ಮುಂದೆ ಏನು ಅನ್ನೋರಿಗೆ ಬೇಕಾದ ನಿಧಾನದ ಪಾಠ. ಇದ್ದರೂ ನಮ್ಮ ಫೀಡಿಗೆ ತಾನಾಗಿ ಬರಲ್ಲ, ಹುಡುಕ್ಕೊಂಡು ಹೋಗಬೇಕು.

ನಾನು ಹುಡುಕಿದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಟ್ಟವರು ಡೇನಿಯಲ್ ನರೊಡಿಟ್‌ಸ್ಕಿ. ಗ್ರ್ಯಾಂಡ್‌ಮಾಸ್ಟರ್. 'ಸ್ಪೀಡ್‌ರನ್' ಅಂತ ಹೆಸರು, ಆದ್ರೆ ಅದರಷ್ಟು ನಿಧಾನದ್ದು ಇಲ್ಲ. ಕಡಿಮೆ ರೇಟಿಂಗಿನವರ ಜತೆ ಆಡ್ತಾ ಪ್ರತಿ ನಡೆಗೂ ಯಾಕೆ ಅಂತ ಹೇಳ್ತಿದ್ರು, ಮುಗಿದ ಮೇಲೆ ಮತ್ತೆ ಮೊದಲಿಂದ ಬಿಡಿಸ್ತಿದ್ರು. 2025ರ ಅಕ್ಟೋಬರಲ್ಲಿ, ಬರೀ 29ನೇ ವಯಸ್ಸಿಗೆ ಹೋಗಿಬಿಟ್ರು. ಸುದ್ದಿ ನೋಡಿದ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಕಂಡೇ ಇಲ್ಲದವರಿಗೆ ಹಾಗೆ ಆಗ್ತದೆ ಅಂತ ಗೊತ್ತಿರಲಿಲ್ಲ.

(8/8)
ಕೊಯ್ಲಿನ ಸಮಯದಲ್ಲಿ ರಾತ್ರಿ ಅಡಿಕೆ ಸುಲಿಯೋಕೆ ಕೂರ್ತೇವಲ್ಲ, ಈ ಸಲ ಮೆಟ್ಟುಗತ್ತಿ ಮುಂದೆ ಕೂತವರ ನಡುವೆ ಫೋನ್ ಆನಿಸಿಟ್ಟು ಆ ಸ್ಪೀಡ್‌ರನ್ ಹಾಕಿದೆ. ಶಿರಸಿಲಿ ಡೌನ್‌ಲೋಡ್ ಮಾಡ್ಕೊಂಡು ಬಂದದ್ದು, ಮನೇಲಿ ಕರೆಂಟಿದ್ರೆ ನೆಟ್ಟಿಲ್ಲ, ನೆಟ್ಟಿದ್ರೆ ಕರೆಂಟಿಲ್ಲ. ಸುಲಿಯುವಾಗ ಕೈ ಅಂಟು, ಸ್ಕ್ರೋಲ್ ಮಾಡೋಕೂ ಆಗಲ್ಲ. ಮಾಣಿ ಹತ್ತು ನಿಮಿಷ ಸುಮ್ಮನಿದ್ದು ಕೇಳಿದ: "ಅಕ್ಕಾ, ಇದ್ರಲ್ಲಿ ಟ್ರ್ಯಾಪ್ ಯಾವಾಗ ಬತ್ತು?" ಮೊದಲ ರಾತ್ರಿ ಅರ್ಧಕ್ಕೇ ನಿದ್ರೆ ಮಾಡಿದ. ಎರಡನೇ ರಾತ್ರಿ ಬರಲೇ ಇಲ್ಲ. ನಾಲ್ಕೋ ಐದನೇದೋ ರಾತ್ರಿ, ಅವರು ಒಂದು ನಡೆ ಆಡೋಕೆ ಮೊದಲೇ "ಆನೆ, ಆನೆ" ಅಂದ. ಆನೆ ಅಲ್ಲ, ರಾಜ. "ಎಂತಕ್ಕೆ ರಾಜ?" ಅಂತ ಕೇಳಿ, ಮೊಣಕೈಯಲ್ಲಿ ಫೋನ್ ಒತ್ತಿ ವಿಡಿಯೊ ನಿಲ್ಲಿಸಿದ. ಎಷ್ಟು ಹೊತ್ತು ನಿಂತಿತ್ತೋ, ಆಯಿ "ಹಾಳಾಯ್ತನೇ ಅದು?" ಅಂತ ಕೇಳಿದ್ಳು.

ಹಾಗಾಗಿ ಈ ಪೇಜಲ್ಲಿ ಇನ್ನು ಹೀಗೆ. ಭಾನುವಾರ ಒಂದೇ ಚಿತ್ರ, ಒಂದು ಪ್ರಶ್ನೆ. ಉತ್ತರ ಬುಧವಾರ. ನಡುವೆ ಮೂರು ದಿನ ನಿಮ್ಮದು. ಟ್ರ್ಯಾಪ್ ಬೇಕಾದವರಿಗೆ ಬೇರೆ ಎಷ್ಟೋ ಪೇಜ್ ಇವೆ, ನಾನೂ ಕೆಲವನ್ನ ಫಾಲೋ ಮಾಡ್ತೇನೆ, ಬೇಜಾರಿಲ್ಲ. ಫಾಲೋವರ್ಸ್ ಕಮ್ಮಿ ಆಗ್ತಿದ್ದಾರೆ, ಆಗಲೇ ಕಾಣ್ತಿದೆ.

ಮೊದಲ ಭಾನುವಾರದ್ದು ಇಲ್ಲೇ ಹಾಕ್ತೇನೆ. ಎರಡು ಫೋಟೊ ಇದೆ, ಪಕ್ಕಕ್ಕೆ ಸರಿಸಿ. ಎರಡರಲ್ಲೂ ಬಿಳಿ ರಾಜ ಇ4, ಕರಿ ರಾಜ ಇ6, ಬಿಳಿಗೆ ಒಂದು ಸಿಪಾಯಿ, ನಡೆ ಬಿಳಿಯದ್ದು. ಮೊದಲ ಫೋಟೊದಲ್ಲಿ ಸಿಪಾಯಿ ಇ2ರಲ್ಲಿದೆ, ಎರಡನೇದರಲ್ಲಿ ಒಂದೇ ಮನೆ ಮುಂದೆ, ಇ3ರಲ್ಲಿ. ಒಂದು ಗೆಲುವು, ಒಂದು ಡ್ರಾ. ಯಾವುದು ಯಾವುದು, ಯಾಕೆ? ಎಂಜಿನ್ ಹಾಕಬೇಡಿ, ಬೋರ್ಡ್ ಇದ್ರೆ ಬೋರ್ಡಲ್ಲಿ ಇಟ್ಟು ನೋಡಿ. ಇಲ್ಲ ಅಂದ್ರೆ ಹಾಳೆ ಮೇಲೆ ಗೆರೆ ಎಳೆದು ಎರಡು ಅಡಿಕೆ, ಒಂದು ಅಕ್ಕಿಕಾಳು ಸಾಕು.